ಖಾಲಿ ಗಾಜಿನ ಮೇಲೆ ಕಂಡ ಕೆಂಪು ಕಡ್ಡಿಗಳು

ಏನೂ ಇಲ್ಲದ ಗಾಜಿಗೆ ದಿನವೂ ಬಣ್ಣ ಹಾಕುವವರು ಆ ಆಸ್ಪತ್ರೆಯಲ್ಲಿ ಒಬ್ಬರೇ ಇದ್ದರು. ಹಾಗಾಗಿ ಪ್ರಯೋಗಾಲಯದವರೆಲ್ಲ ಅವರನ್ನು ಖಾಲಿಯಕ್ಕ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ.

ರೋಗಿಗಳ ಮಾದರಿಯನ್ನು ತೆಳ್ಳಗೆ ಸವರಿದ ಗಾಜಿನ ತುಂಡುಗಳು ಸಾಲಾಗಿ ಒಣಗುತ್ತಿರುವಾಗ, ಸಾಲಿನ ಕೊನೆಗೆ ಅಕ್ಕ ಏನನ್ನೂ ಸವರದ ಇನ್ನೊಂದು ಗಾಜನ್ನು ಇಡುತ್ತಿದ್ದರು. ಉಳಿದವಕ್ಕೆ ಸುರಿದ ಕೆಂಪು ಬಣ್ಣವೇ ಅದಕ್ಕೂ. ಅದೇ ಬೆಂಕಿಯ ಬಿಸಿ, ಅದೇ ಆಮ್ಲ, ಅದೇ ತೊಳೆಯುವ ನೀರು, ಕೊನೆಗೆ ಅದೇ ನೀಲಿ. ಅದು ಒಣಗಿದ ಮೇಲೆ ಸೂಕ್ಷ್ಮದರ್ಶಕದ ಕೆಳಗಿಟ್ಟು, ರೋಗಿಯ ಗಾಜನ್ನು ನೋಡುವಷ್ಟೇ ಶ್ರದ್ಧೆಯಿಂದ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೋಡುತ್ತಿದ್ದರು. ಅಲ್ಲಿ ಏನೂ ಕಾಣದಿದ್ದರೆ ಮಾತ್ರ ಉಳಿದ ಗಾಜುಗಳಲ್ಲಿ ಕಂಡದ್ದನ್ನು ನಂಬುತ್ತಿದ್ದರು.

"ಅಕ್ಕ, ಇವತ್ತು ಖಾಲಿ ಹೇಗಿದೆ? ಆರೋಗ್ಯವಾಗಿದೆಯಾ?" ಎಂದು ಪಕ್ಕದ ಮೇಜಿನಿಂದ ಸಕ್ಕರೆಯಣ್ಣ ಕೇಳುತ್ತಿದ್ದ. ರಕ್ತದಲ್ಲೂ ಬೆನ್ನಿನ ನೀರಿನಲ್ಲೂ ಸಕ್ಕರೆ, ಪ್ರೋಟೀನು ಅಳೆಯುವುದು ಅವನ ಕೆಲಸ. ಹೆಸರು ಬಂದದ್ದು ಹಾಗೆ.

"ಆರೋಗ್ಯವಾಗಿದೆ. ನಿನಗಿಂತ ತೆಳ್ಳಗೂ ಇದೆ."

ಖಾಲಿಯಕ್ಕ ಬಡಗಿಯ ಮಗಳು. ವಿಜ್ಞಾನದ ಪದವಿ ಮುಗಿದದ್ದೇ ಈ ಕೆಲಸಕ್ಕೆ ಸೇರಿದವರು, ಬೇರೆಲ್ಲೂ ಹೋಗಲಿಲ್ಲ. ಕೆಲಸ ಕಲಿಸಿದ ಹಿರಿಯ ಮೇಡಂ ಮೊದಲ ದಿನವೇ, "ನೀನು ನೋಡೋದು ರೋಗಿಯನ್ನಲ್ಲ ಮಗು, ನಿನ್ನ ಬಣ್ಣ, ನಿನ್ನ ನೀರು, ನಿನ್ನ ಕೈ, ಕೊನೆಗೆ ರೋಗಿ. ಮೊದಲಿನ ಮೂರನ್ನೂ ಕಳೆದು ಉಳಿದದ್ದು ಮಾತ್ರ ರೋಗಿಯದು" ಎಂದಿದ್ದರಂತೆ. ಖಾಲಿ ಗಾಜು ಆ ಕಳೆಯುವ ಲೆಕ್ಕ. ಮೇಡಂ ನಿವೃತ್ತರಾದರು. ಪರೀಕ್ಷೆಗೆ ಬರುವ ಮಾದರಿಗಳು ಹೆಚ್ಚಾದವು, ಕೈಗಳು ಕಡಿಮೆಯಾದವು. ಉಳಿದ ವಿಭಾಗಗಳಲ್ಲಿ ಖಾಲಿ ಗಾಜು ವಾರಕ್ಕೊಮ್ಮೆ, ಆಮೇಲೆ ನೆನಪಾದಾಗ ಎಂಬಂತಾಯಿತು. ಅಕ್ಕನ ಮೇಜಿನಲ್ಲಿ ಮಾತ್ರ ಅದು ತಪ್ಪಲಿಲ್ಲ.

ಅವರ ಗಂಡ ಊರಿನೊಳಗೆ ಓಡುವ ಬಸ್ಸಿನ ಚಾಲಕ. ಮನೆಯಲ್ಲಿ ಅವರ ತಮಾಷೆಗೆ ಕೊನೆಯಿರಲಿಲ್ಲ. "ಇವಳ ಹತ್ರ ಅಂಗಿ ಚೆನ್ನಾಗಿದೆಯಾ ಅಂತ ಕೇಳಬಾರದು ಕಣ್ರೀ. ಅಂಗಿ ಇಲ್ಲದೆ ಹೇಗಿದೀರಿ ಅಂತ ಮೊದಲು ನೋಡಿ ಆಮೇಲೆ ಹೇಳ್ತೀನಿ ಅಂತಾಳೆ," ಎಂದು ಬಂದ ನೆಂಟರ ಮುಂದೆಯೇ ಹೇಳಿ, ತಮ್ಮ ತಾಯಿಯಿಂದ ಬೈಸಿಕೊಳ್ಳುತ್ತಿದ್ದರು. ಅತ್ತೆಗೆ ಸೊಸೆಯ ಕೆಲಸ ಏನೆಂದು ಪೂರ್ತಿ ತಿಳಿಯದಿದ್ದರೂ ಅವಳ ಮಾತಿನ ಮೇಲೆ ಬಲವಾದ ನಂಬಿಕೆ. ನೆರೆಯವರಿಗೆ ಜ್ವರ ಬಂದರೆ, "ನಮ್ಮವಳು ಹೂಂ ಅನ್ನಲಿ, ಆಮೇಲೆ ನೋಡೋಣ" ಎನ್ನುತ್ತಿದ್ದರು. ನಮ್ಮವಳು ಅಷ್ಟು ಸುಲಭವಾಗಿ ಹೂಂ ಎನ್ನುತ್ತಿರಲಿಲ್ಲ.

ಒಮ್ಮೆ ಮಾತ್ರ ಅವಸರದಲ್ಲಿ ಅಂದುಬಿಟ್ಟರು.

ಅಂಗಡಿಗಳ ಬೋರ್ಡು ಬರೆಯುವ ಪೇಂಟರ್ ಒಬ್ಬನನ್ನು ಆಸ್ಪತ್ರೆಗೆ ತಂದಿದ್ದರು. ಕೆಲವು ವಾರಗಳಿಂದ ತಲೆನೋವು. ಬಲಗೈ ಕುಂಚವನ್ನು ಹಿಡಿಯುತ್ತಿತ್ತು, ಆದರೆ ಹೇಳಿದ ಕಡೆ ಹೋಗುತ್ತಿರಲಿಲ್ಲ. ಒಂದು ದಿನ ಹಲಗೆಯ ಮೇಲೆ ನಿಂತಿದ್ದಾಗ ಕೈ ತನ್ನಷ್ಟಕ್ಕೆ ಅದುರಲು ಶುರುವಾಗಿ, ಅವನು ಬಣ್ಣದ ಡಬ್ಬಿಯ ಸಮೇತ ಕೆಳಗೆ ಬಿದ್ದ. ಸ್ಕ್ಯಾನ್ ಮಾಡಿದಾಗ ಮೆದುಳಿನ ಎಡಭಾಗದಲ್ಲಿ, ಬಲಗೈಯನ್ನು ಆಡಿಸುವ ಜಾಗದ ಹತ್ತಿರವೇ, ಉಂಗುರದಂತಹ ಸಣ್ಣದೊಂದು ಗಾಯ ಕಂಡಿತು.

ಅಂತಹ ಉಂಗುರಕ್ಕೆ ಕಾರಣ ಹಲವು. ಕ್ಷಯದ ಗಂಟು ಇರಬಹುದು, ಲಾಡಿಹುಳುವಿನ ಮರಿಯ ಚೀಲ ಇರಬಹುದು, ಕೀವು ಇರಬಹುದು, ಬೂಷ್ಟಿನ ಜಾತಿಯ ಸೋಂಕಿರಬಹುದು, ಸೋಂಕೇ ಅಲ್ಲದ ಗಡ್ಡೆಯೂ ಇರಬಹುದು. ಚಿತ್ರದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಮದ್ದು ಮಾತ್ರ ಒಂದಕ್ಕೊಂದು ಬೇರೆ. ಕಾರಣ ತಿಳಿಯಲು ಎರಡು ದಾರಿಗಳಿದ್ದವು. ತಲೆಬುರುಡೆ ಕೊರೆದು ಅಲ್ಲಿಂದಲೇ ಒಂದು ಚೂರು ತೆಗೆಯುವುದು ಒಂದು. ಆದರೆ ಆ ಜಾಗದಲ್ಲಿ ಕತ್ತಿ ಆಡಿಸಿದರೆ ಕೈ ಮೊದಲಿನಂತೆ ಉಳಿಯುತ್ತದೆಂದು ಶಸ್ತ್ರಚಿಕಿತ್ಸಕರು ಮಾತು ಕೊಡಲಿಲ್ಲ. ಇನ್ನೊಂದು ದಾರಿ ಸೊಂಟದ ಹತ್ತಿರ ಸೂಜಿ ಹಾಕಿ ಬೆನ್ನಿನ ನೀರು ತೆಗೆಯುವುದು. ಮೆದುಳನ್ನು ತೊಳೆಯುತ್ತ ಬೆನ್ನುಹುರಿಯ ಸುತ್ತ ಇಳಿದು ಬರುವ ನೀರದು. ಮೇಲಿನ ಸಮಾಚಾರ ಸ್ವಲ್ಪವಾದರೂ ಅದರಲ್ಲಿರುತ್ತದೆ. ತಲೆಯೊಳಗೆ ಒತ್ತಡ ಜಾಸ್ತಿಯಿದ್ದರೆ ಹಾಗೆ ನೀರು ತೆಗೆಯುವುದು ಪ್ರಾಣಕ್ಕೇ ಅಪಾಯ. ಇವನಿಗೆ ಅಂತಹ ಒತ್ತಡ ಇಲ್ಲವೆಂದು ನರದ ಡಾಕ್ಟರು ಚಿತ್ರವನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು, ಸೂಜಿ ಹಾಕಿದರು.

ಪೇಂಟರ್ ನಡುವೆ ಅಲುಗಾಡಿಬಿಟ್ಟ. ಪರದೆಯ ಆಚೆ ಹೆಂಡತಿ ಅಳಲು ಶುರುಮಾಡಿದಳು. ಡಾಕ್ಟರು ಸೂಜಿ ತೆಗೆದರು. ಸಿಕ್ಕಿದ್ದು ಸ್ವಲ್ಪವೇ ನೀರು, ನೋಡಲು ತಿಳಿ.

ಅದರಲ್ಲಿ ಸಕ್ಕರೆಯಣ್ಣನ ಪಾಲು ಹೋಯಿತು. ಸಕ್ಕರೆ ಕಡಿಮೆ, ಪ್ರೋಟೀನು ಹೆಚ್ಚು, ಬಿಳಿ ಕಣಗಳೂ ಹೆಚ್ಚು. ಅಂದರೆ ಸೋಂಕು ಹೌದು, ಯಾವುದೆಂದು ಗೊತ್ತಿಲ್ಲ. ಉಳಿದದ್ದನ್ನು ಅಕ್ಕ ಯಂತ್ರದಲ್ಲಿ ಗಿರಗಿರ ತಿರುಗಿಸಿ, ತಳದಲ್ಲಿ ನಿಂತ ಗಷ್ಟನ್ನೆಲ್ಲ ಒಂದೇ ಗಾಜಿಗೆ ಸವರಿದರು. ಹಂಚಿದರೆ ಎಲ್ಲ ಪರೀಕ್ಷೆಯೂ ಅರೆಬರೆಯಾಗುತ್ತಿತ್ತು. ಕಣಗಳ ರೀತಿ ನೋಡಿದರೆ ಕ್ಷಯದ ಸಂಭವವೇ ಹೆಚ್ಚು, ಅದಕ್ಕೇ ಎಲ್ಲವನ್ನೂ ಕ್ಷಯದ ಬಣ್ಣಕ್ಕೆ ಕೊಟ್ಟರು. ಜೀವಕಣದೊಳಗಿನ ಬರಹ ಓದಿ ರೋಗಾಣುವನ್ನು ಗುರುತಿಸುವ ಯಂತ್ರ ಆ ಆಸ್ಪತ್ರೆಗೆ ಆಗಿನ್ನೂ ಬಂದಿರಲಿಲ್ಲ. ಕಣ್ಣೇ ಯಂತ್ರ.

ಬಾಗಿಲಾಚೆ ಬೆಂಚಿನ ಮೇಲೆ ಪೇಂಟರನ ಹೆಂಡತಿ ಕೂತಿದ್ದಳು. ಯಾರು ಹೊರಗೆ ಬಂದರೂ ಎದ್ದು ನಿಲ್ಲುತ್ತಿದ್ದಳು, ಕಸದ ಬುಟ್ಟಿ ಹಿಡಿದು ಬಂದವನಿಗೂ. ಮರುದಿನದ ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಅವಳ ಗಂಡನ ಹೆಸರಿತ್ತು. ಒಳಗೆ ನರದ ಡಾಕ್ಟರು ಅಕ್ಕನ ಹಿಂದೆಯೇ ನಿಂತಿದ್ದರು.

"ಏನಾದ್ರೂ ಸಿಕ್ತಾ?"

"ನೀವು ಉಸಿರು ಬಿಡೋದಕ್ಕೆ ಕನ್ನಡಕ ಮಂಜಾಗ್ತಿದೆ ಸರ್. ಆ ಕಡೆ ನಿಂತ್ಕೊಳ್ಳಿ."

ಸ್ವಲ್ಪ ಹೊತ್ತಿನ ಮೇಲೆ ಅಕ್ಕನ ಕೈ ಸೂಕ್ಷ್ಮದರ್ಶಕದ ತಿರುಗಣೆಯ ಮೇಲೆ ನಿಂತಿತು. ನೀಲಿಯ ನಡುವೆ ತೆಳ್ಳನೆಯ ಕೆಂಪು ಕಡ್ಡಿ, ಒಂದಲ್ಲ, ಮೂರು. ಡಾಕ್ಟರೂ ಬಗ್ಗಿ ನೋಡಿದರು. ಕ್ಷಯದ ಕ್ರಿಮಿ ಆ ಬಣ್ಣದಲ್ಲಿ ಕಾಣುವುದು ಹಾಗೆಯೇ.

"ಟೀಬಿ!" ಎಂದು ಡಾಕ್ಟರು ಮೇಜು ತಟ್ಟಿದರು. "ತಲೆ ಕೊರೆಯೋದು ತಪ್ಪಿತು. ಹೇಳಿಬಿಡ್ಲಾ?"

ಸಾಲಿನ ಕೊನೆಯಲ್ಲಿ ಖಾಲಿ ಗಾಜು ಇನ್ನೂ ಒಣಗುತ್ತಿತ್ತು. ಬಾಗಿಲಿನ ಸಂದಿಯಲ್ಲಿ ಆ ಹೆಂಗಸಿನ ಸೀರೆಯ ಅಂಚು ಕಾಣುತ್ತಿತ್ತು. ಅಕ್ಕ, "ಹೂಂ, ಹೇಳಿ" ಎಂದರು.

ಹೊರಗೆ ಅವಳು ಜೋರಾಗಿ ಅತ್ತದ್ದು, ಅಳುತ್ತಲೇ ನಕ್ಕದ್ದು ಒಳಗೆಲ್ಲ ಕೇಳಿಸಿತು. ಪಟ್ಟಿಯಿಂದ ಹೆಸರು ಹೋಯಿತು. ಕ್ಷಯದ ಮಾತ್ರೆ, ಅದರ ಜೊತೆಗೆ ಊತ ಇಳಿಸುವ ಮಾತ್ರೆ ಅಂದೇ ಶುರುವಾಯಿತು. ಸಕ್ಕರೆಯಣ್ಣ ಎಲ್ಲರಿಗೂ ಚಹಾ ತರಿಸಿದ.

ಚಹಾ ಕುಡಿದು, ಕೈ ತೊಳೆದು, ಅಕ್ಕ ಖಾಲಿ ಗಾಜನ್ನು ನೋಡಲು ಕೂತರು.

ಒಂದು ಕೆಂಪು ಕಡ್ಡಿ ಕಂಡಿತು. ಬಣ್ಣದ ಚೂರಿರಬಹುದೆಂದು ಗಾಜನ್ನು ಸರಿಸಿದರು. ಇನ್ನೆರಡು ಕಂಡವು. ಅಂಚಿನ ಹತ್ತಿರ ಒಂದು ಗುಂಪೇ ಇತ್ತು.

"ಅಕ್ಕ, ಯಾಕೆ ಮಾತಿಲ್ಲ? ಖಾಲಿಗೆ ಮೈ ಸರಿಯಿಲ್ವಾ?" ಎಂದ ಸಕ್ಕರೆಯಣ್ಣ.

"ಇಲ್ಲ," ಎಂದರು ಅಕ್ಕ. ಅವನು ನಗಲು ಹೋಗಿ ಅವರ ಮುಖ ನೋಡಿ ಎದ್ದು ಬಂದ.

ಏನೂ ಸವರದ ಗಾಜಿನ ಮೇಲೆ ಕ್ರಿಮಿ ಬಂದದ್ದು ಬಣ್ಣದಿಂದ ಇಲ್ಲವೇ ನೀರಿನಿಂದ. ಅಕ್ಕ ಒಂದೊಂದನ್ನೇ ಬದಲಿಸಿ ನೋಡಿದರು. ಹೊಸ ಸೀಸೆಯ ಬಣ್ಣ ಹಾಕಿ ಹಳೆಯ ನೀರಿನಲ್ಲಿ ತೊಳೆದ ಗಾಜಿನಲ್ಲಿ ಕಡ್ಡಿಗಳಿದ್ದವು. ಹಳೆಯ ಬಣ್ಣವನ್ನೇ ಹಾಕಿ, ಇಂಜೆಕ್ಷನ್ನಿಗೆ ಬಳಸುವ ಮೊಹರಾದ ಬಾಟಲಿಯ ನೀರಿನಲ್ಲಿ ತೊಳೆದ ಗಾಜು ಶುದ್ಧವಾಗಿತ್ತು. ದೋಷ ನೀರಿನದು. ತೊಳೆಯುವ ನೀರಿನ ಕ್ಯಾನಿಗೆ ರಬ್ಬರ್ ಕೊಳವೆಯಿತ್ತು. ಅದರ ಒಳಗೋಡೆಯ ಲೋಳೆಯನ್ನು ಕಡ್ಡಿಯಿಂದ ಕೆರೆದು ಬಣ್ಣ ಹಾಕಿ ನೋಡಿದರೆ, ಕೆಂಪೋ ಕೆಂಪು. ನಲ್ಲಿ, ಕೊಳವೆಗಳಲ್ಲಿ ತಮ್ಮ ಪಾಡಿಗೆ ಬದುಕುವ, ಕ್ಷಯದ ಕ್ರಿಮಿಗೆ ದೂರದ ದಾಯಾದಿಯಾದ ಜೀವಿಗಳವು. ಕಣ್ಣಿಗೆ ಎರಡಕ್ಕೂ ವ್ಯತ್ಯಾಸವಿಲ್ಲ.

ಈಗ ಪೇಂಟರನ ಗಾಜಿನಲ್ಲಿ ಕಂಡ ಮೂರು ಕಡ್ಡಿಗಳು ಯಾರವು? ಅವನ ಮೆದುಳಿನದೋ, ಕೊಳವೆಯದೋ? ಹೇಳುವ ದಾರಿಯೇ ಇರಲಿಲ್ಲ. ಅಳಿದುಳಿದ ನೀರೂ ಇರಲಿಲ್ಲ.

"ಅವನಿಗೆ ಟೀಬಿಯೇ ಇರಬಹುದಲ್ಲ ಅಕ್ಕ," ಎಂದ ಸಕ್ಕರೆಯಣ್ಣ. "ಸಕ್ಕರೆ ಹಾಗೇ ಇದೆ, ಪ್ರೋಟೀನೂ ಹಾಗೇ ಇದೆ. ಹೇಗೂ ಮಾತ್ರೆ ಶುರುವಾಗಿದೆ. ಎರಡು ವಾರ ನೋಡಿದ್ರೆ ಗೊತ್ತಾಗುತ್ತೆ."

"ಇರಬಹುದು. ಆದ್ರೆ ಅದನ್ನ ನಾನು ನೋಡಿದೀನಿ ಅಂತ ಹೇಳಿದೀನಲ್ಲ. ನಾನು ನೋಡಿದ್ದು ನಮ್ಮ ಕೊಳವೆಯದೂ ಆಗಿರಬಹುದು."

ಅಕ್ಕ ಮೆಟ್ಟಿಲು ಹತ್ತಿ ಹೋದರು. ನರದ ಡಾಕ್ಟರು ವಾರ್ಡಿನ ಬಾಗಿಲಲ್ಲೇ ಸಿಕ್ಕರು. ವಿಷಯ ಕೇಳಿ ಅವರ ಮುಖ ಕೆಂಪಾಯಿತು.

"ಕೊಟ್ಟ ರಿಪೋರ್ಟ್ ವಾಪಸ್ ತಗೋತೀರಾ? ಮನೆಯವರಿಗೆ ಏನಂತ ಹೇಳಲಿ? ಅವರು ಊರಿಗೆಲ್ಲ ಫೋನ್ ಮಾಡಿ ಆಗಿದೆ!"

"ನಾನೇ ಹೇಳ್ತೀನಿ ಸರ್."

"ಹಾಗಾದ್ರೆ ಟೀಬಿ ಅಲ್ಲ ಅಂತೀರಾ?"

"ಅಲ್ಲ ಅಂತಿಲ್ಲ. ಹೌದು ಅನ್ನೋದು ಇನ್ನೂ ನನ್ನ ಬಾಯಿಂದ ಬರಬಾರದಿತ್ತು. ಖಾಲಿ ಗಾಜು ನೋಡೋ ಮುಂಚೆ ಅಂದುಬಿಟ್ಟೆ. ಕಡ್ಡಿ ಸಿಕ್ಕ ಮೇಲೆ ಬೇರೆ ಏನೂ ಹುಡುಕಲಿಲ್ಲ, ಅದೂ ತಪ್ಪೇ. ಬೂಷ್ಟಿನ ಸೋಂಕಿಗೆ ಶಾಯಿ ಪರೀಕ್ಷೆ ಮಾಡಿಲ್ಲ."

"ಅವನ ರಕ್ತದಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿಸೋ ಕಾಯಿಲೆ ಯಾವುದೂ ಇಲ್ಲವಲ್ಲ. ಅಂಥವರಿಗೆ ಆ ಸೋಂಕು ಅಪರೂಪ."

"ಅಪರೂಪ ಸರ್. ಆದ್ರೆ ಅದೇ ಆಗಿದ್ರೆ, ಊತದ ಮಾತ್ರೆ ರೋಗ ತಡೆಯೋ ಶಕ್ತಿ ತಗ್ಗಿಸುತ್ತೆ, ಅದಕ್ಕೆ ಇನ್ನೂ ಅನುಕೂಲ."

ಡಾಕ್ಟರಿಗೆ ಅದು ಅಕ್ಕನಿಗಿಂತ ಚೆನ್ನಾಗಿ ಗೊತ್ತಿತ್ತು. ಕೋಪ ಬಂದದ್ದೂ ಬಹುಶಃ ಅದಕ್ಕೇ. "ಬನ್ನಿ, ಒಟ್ಟಿಗೇ ಹೋಗೋಣ. ನೀರು ಮತ್ತೆ ತೆಗೀಬೇಕಾದವನು ನಾನು," ಎಂದರು.

ಪೇಂಟರನ ಹೆಂಡತಿ ಅಕ್ಕನನ್ನು ಕಂಡು ಕೈಮುಗಿಯಲು ಬಂದಳು. ಅಕ್ಕ ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ಪಕ್ಕದಲ್ಲಿ ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿದರು. ಕ್ಯಾನು, ಕೊಳವೆ, ಖಾಲಿ ಗಾಜು, ತಾವು ಅವಸರಪಟ್ಟದ್ದು. ಯಂತ್ರ ಕೆಟ್ಟಿತ್ತೆಂದಾಗಲಿ, ಬೇರೆಯವರು ನೀರು ತುಂಬಿಸಿದ್ದರೆಂದಾಗಲಿ ಹೇಳಲಿಲ್ಲ. ಕೊನೆಗೆ, ಬೆನ್ನಿನ ನೀರು ಇನ್ನೊಮ್ಮೆ ಬೇಕು, ಈ ಸಲ ಜಾಸ್ತಿ ಬೇಕು ಎಂದರು.

ಹೆಂಡತಿ ಕೈ ಬಿಡಿಸಿಕೊಂಡಳು. "ಏನ್ ಮಾತಾಡ್ತಿದೀರಿ ನೀವು? ಬೆಳಿಗ್ಗೆ ಟೀಬಿ, ಮಧ್ಯಾಹ್ನ ಟೀಬಿ ಇಲ್ಲ. ಸಂಜೆಗೆ ಗಂಡನೇ ಇಲ್ಲ ಅಂತೀರಾ? ಬೆನ್ನಿನ ನೀರು ತೆಗೆದು ತೆಗೆದು ಕಾಲೂ ಹೋದ್ರೆ? ಕೈಯಂತೂ ಆಗಲೇ ಹೋಗಿದೆ!"

"ಕಾಲು ಹೋಗಲ್ಲಮ್ಮ. ಸೂಜಿ ಹಾಕೋದು ಬೆನ್ನುಹುರಿ ಮುಗಿಯೋ ಜಾಗಕ್ಕಿಂತ ಕೆಳಗೆ," ಎಂದರು ಡಾಕ್ಟರು. "ತೆಗೆದ ನೀರು ದಿನ ಕಳೆಯೋದ್ರೊಳಗೆ ಮತ್ತೆ ತುಂಬಿಕೊಳ್ಳುತ್ತೆ. ತಲೆನೋವು ಒಂದೆರಡು ದಿನ ಇರಬಹುದು, ಸುಳ್ಳು ಹೇಳಲ್ಲ."

"ನೀವು ಹೇಳಲ್ಲ. ಇವರು ಹೇಳ್ತಾರೆ!" ಎಂದು ಅವಳು ಅಕ್ಕನ ಕಡೆ ಬೆರಳು ತೋರಿಸಿದಳು.

ಹಾಸಿಗೆಯ ಮೇಲೆ ಮಲಗಿದ್ದ ಪೇಂಟರ್ ಆವರೆಗೆ ಛಾವಣಿ ನೋಡುತ್ತಿದ್ದವನು ತಲೆ ತಿರುಗಿಸಿದ.

"ಮೇಡಂ, ಈ ತಪ್ಪು ಹಿಡಿದವರು ಯಾರು?"

"ನಾನೇ."

"ನೀವು ಬಾಯಿ ಮುಚ್ಚಿಕೊಂಡು ಇದ್ದಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?"

"ಸದ್ಯಕ್ಕೆ ಗೊತ್ತಾಗ್ತಿರಲಿಲ್ಲ. ನಿಮ್ಮ ಕೈಗೆ ಗೊತ್ತಾಗ್ತಿತ್ತು, ನಿಧಾನವಾಗಿ."

ಅವನು ಹೆಂಡತಿಯ ಕಡೆ ನೋಡಿದ. "ಕೇಳಿದೆಯಾ? ತಪ್ಪಕ್ಷರದ ಮೇಲೆ ಬಣ್ಣ ಬಳಿದು ದುಡ್ಡಿಸ್ಕೊಂಡು ಹೋಗೋರನ್ನ ಬೇಕಾದಷ್ಟು ನೋಡಿದೀನಿ. ಏಣಿ ವಾಪಸ್ ಹಾಕಿ ಕೆರೆಯೋಕೆ ಬಂದೋರನ್ನ ನೋಡಿರಲಿಲ್ಲ. ತೆಗೀಲಿ ಬಿಡು."

"ನಿನ್ನ ಬೆನ್ನು, ನಿನ್ನಿಷ್ಟ," ಎಂದಳು ಅವಳು ಮುಖ ತಿರುಗಿಸಿ. ಆದರೆ ಈ ಸಲ ಸೂಜಿ ಹಾಕುವಾಗ ಪರದೆಯ ಆಚೆ ಅಳಲಿಲ್ಲ. ಒಳಗೆ ಬಂದು ಅವನ ಮೊಣಕಾಲು ಎದೆಗೆ ಒತ್ತಿ ಹಿಡಿದು, "ಅಲುಗಾಡಿದ್ರೆ ನೋಡು!" ಎಂದು ಗದರಿಸುತ್ತ ಕೂತಳು. ನೀರು ಹನಿಹನಿಯಾಗಿ ಬೇಕಾದಷ್ಟು ಬಂತು.

ಅಕ್ಕ ಗಷ್ಟನ್ನು ಮೂರು ಪಾಲು ಮಾಡಿದರು. ಒಂದನ್ನು ಕ್ರಿಮಿ ಬೆಳೆಸುವ ತಟ್ಟೆಗಳಿಗೆ, ಒಂದನ್ನು ಕ್ಷಯದ ಬಣ್ಣಕ್ಕೆ, ಇನ್ನೊಂದನ್ನು ಶಾಯಿಗೆ. ಶಾಯಿ ಪರೀಕ್ಷೆ ಸರಳ. ಗಷ್ಟಿನ ಹನಿಗೆ ಕರಿ ಶಾಯಿಯ ಹನಿ ಬೆರೆಸಿ ನೋಡುವುದು. ಹಿನ್ನೆಲೆ ಪೂರ್ತಿ ಕಪ್ಪಾಗುತ್ತದೆ, ಶಾಯಿ ಒಳಹೋಗದ ಜಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮೊದಲು ಬರೀ ಶಾಯಿ, ಬರೀ ಮೊಹರಿನ ನೀರು ಬೆರೆಸಿದ ಗಾಜನ್ನು ನೋಡಿದರು. ಕಪ್ಪಲ್ಲದೆ ಏನೂ ಇಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ಪೇಂಟರನ ಗಾಜನ್ನು ಇಟ್ಟರು.

ಕತ್ತಲಲ್ಲಿ ಒಂದು ದುಂಡು ಕಣ. ಅದರ ಸುತ್ತ ಅಗಲವಾದ ಬೆಳ್ಳನೆಯ ವರ್ತುಲ. ಬಿಳಿ ರಕ್ತಕಣವೂ ಕೆಲವೊಮ್ಮೆ ಹೀಗೆ ಮೋಸ ಮಾಡುತ್ತದೆ. ಅದಕ್ಕೇ ಅಕ್ಕ ಹೂಂ ಅನ್ನದೆ ಗಾಜನ್ನು ಸರಿಸುತ್ತ ಹೋದರು. ದಪ್ಪ ಗೋಡೆಯ ಇನ್ನೊಂದು ಕಣ ಸಿಕ್ಕಿತು. ಅದರ ಪಕ್ಕಕ್ಕೆ ಅಂಟಿಕೊಂಡು, ಮೊಗ್ಗಿನ ಹಾಗೆ, ಆಗಷ್ಟೇ ಹುಟ್ಟುತ್ತಿರುವ ಮರಿ. ಎರಡನ್ನೂ ಒಂದೇ ಬೆಳಕು ಸುತ್ತಿಕೊಂಡಿತ್ತು. ಬಿಳಿ ರಕ್ತಕಣ ಹಾಗೆ ಮರಿ ಹಾಕುವುದಿಲ್ಲ.

"ಸರ್," ಎಂದು ಅಕ್ಕ ಎದ್ದು ಜಾಗ ಬಿಟ್ಟರು. "ಮೊದಲು ಆ ಖಾಲಿಯದನ್ನ ನೋಡಿ. ಆಮೇಲೆ ಇದು."

ಡಾಕ್ಟರು ಹಾಗೇ ಮಾಡಿದರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ, "ನಾಳೆಯಿಂದ ಊತದ ಮಾತ್ರೆ ಇನ್ನೂ ಹೆಚ್ಚಿಸೋಣ ಅಂತಿದ್ದೆ," ಎಂದರು.

ಊತದ ಮಾತ್ರೆ ನಿಂತು, ಬೂಷ್ಟಿನ ಸೋಂಕಿನ ಮದ್ದು ಅಂದೇ ಶುರುವಾಯಿತು. ಕ್ಷಯದ ಬಣ್ಣ ಹಾಕಿದ ಆ ಎರಡನೆಯ ನೀರಿನಲ್ಲಿ ಒಂದು ಕಡ್ಡಿಯೂ ಸಿಗಲಿಲ್ಲ. ತಟ್ಟೆಯ ಮೇಲೆ ಕೆಲವು ದಿನಗಳಲ್ಲಿ ಕೆನೆಬಣ್ಣದ, ಹೊಳೆಯುವ ಗುಳ್ಳೆಗಳು ಎದ್ದು ಶಾಯಿಯ ಮಾತಿಗೆ ಸಾಕ್ಷಿ ಹೇಳಿದವು. ಕೊಳವೆಯನ್ನು ಅಕ್ಕ ಕತ್ತರಿಸಿ ಎಸೆದರು. ಅದೇ ನೀರಿನಲ್ಲಿ ತೊಳೆದ ಉಳಿದ ರೋಗಿಗಳ ಗಾಜುಗಳನ್ನೆಲ್ಲ ಹುಡುಕಿಸಿ, ಹೊಸದಾಗಿ ಮಾಡಿದರು. ಮೇಲಿನವರು ಕರೆದು ಕೇಳಿದಾಗ, ನಡೆದದ್ದನ್ನು ಹೇಳಿ, ಎಲ್ಲ ವಿಭಾಗಗಳಿಗೂ ದಿನವೂ ಖಾಲಿ ಗಾಜು ಇರಲಿ, ಅದನ್ನು ನೋಡದೆ ರಿಪೋರ್ಟ್ ಹೊರಗೆ ಹೋಗದಿರಲಿ ಎಂದರು. "ನನ್ನದೂ ಸೇರಿ" ಎಂದು ಒತ್ತಿ ಹೇಳಿದರು. ಎಚ್ಚರಿಕೆಯ ಪತ್ರವೊಂದು ಅವರ ಕೈಗೆ ಬಂತು. ಮನೆಯಲ್ಲಿ ಅದನ್ನು ತೋರಿಸಿದಾಗ ಗಂಡ ತಮಾಷೆ ಮಾಡಲಿಲ್ಲ. ಓದಿ, ಮಡಿಸಿ, "ಊಟ ಬಡಿಸ್ತೀನಿ, ಕೂತ್ಕೋ" ಎಂದರು.

ಪೇಂಟರ್ ಆಸ್ಪತ್ರೆಯಲ್ಲಿ ವಾರಗಟ್ಟಲೆ ಇದ್ದ. ಡ್ರಿಪ್ಪಿನ ಮದ್ದಿಗೆ ಚಳಿ, ವಾಂತಿ. ನಡುನಡುವೆ ಬೆನ್ನಿನ ನೀರು ಮತ್ತೆ ತೆಗೆದರು. ಪ್ರತಿ ಸಲವೂ ಟ್ಯೂಬನ್ನು ಹೆಂಡತಿಯೇ ಕೈಯಲ್ಲಿ ಹಿಡಿದು ಕೆಳಗೆ ತರುತ್ತಿದ್ದಳು, ಬೇರೆಯವರಿಗೆ ಕೊಡಲು ಒಪ್ಪುತ್ತಿರಲಿಲ್ಲ. ಅಕ್ಕನಿಗೆ ಕೊಟ್ಟು, "ಎಷ್ಟು ಹೊತ್ತಾದ್ರೂ ಆಗಲಿ. ಅವಸರ ಇಲ್ಲ," ಎಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಅದು ಚುಚ್ಚುಮಾತೋ ಮರ್ಯಾದೆಯೋ ಎಂದು ಸಕ್ಕರೆಯಣ್ಣನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಶಾಯಿಯಲ್ಲಿ ಕಣಗಳು ಆಮೇಲೂ ಕಾಣುತ್ತಿದ್ದವು, ಸತ್ತವೂ ಬೇಗ ಮರೆಯಾಗುವುದಿಲ್ಲ. ಆದರೆ ತಟ್ಟೆಯಲ್ಲಿ ಏನೂ ಬೆಳೆಯುವುದು ನಿಂತಿತು. ಸ್ಕ್ಯಾನಿನ ಉಂಗುರ ಕುಗ್ಗಿತು. ತಲೆ ಕೊರೆಯುವ ಮಾತು ಮತ್ತೆ ಬರಲಿಲ್ಲ. ಕೈ ಮರಳಿತು, ಪೂರ್ತಿಯಲ್ಲ, ಬಹುಪಾಲು.

ಮಾತ್ರೆ ಇನ್ನೂ ಬಹಳ ಕಾಲ ನುಂಗಬೇಕಿತ್ತು. ಮತ್ತೆ ಫಿಟ್ಸ್ ಬರಬಹುದೆಂದು ಏಣಿ ಹತ್ತುವುದು ಖಂಡಿತ ಬೇಡವೆಂದು ಡಾಕ್ಟರು ಹೇಳಿದ್ದರು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದ ಅಕ್ಕನಿಗೆ, ಹೊಸ ಔಷಧಿ ಅಂಗಡಿಯ ಮುಂದೆ ಏಣಿಯ ಮೇಲೆ ಪೇಂಟರನ ಹೆಂಡತಿ ಕಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆಯೊಳಗೆ ಬಣ್ಣ ತುಂಬುತ್ತಿದ್ದಳು. ಕೆಳಗೆ ಸ್ಟೂಲಿನ ಮೇಲೆ ಕೂತು, ಬಾಗಿಲ ಪಕ್ಕದಲ್ಲಿ ಕೈಗೆಟಕುವ ಎತ್ತರದ ಸಣ್ಣ ಅಕ್ಷರಗಳನ್ನು ಅವನು ಬರೆಯುತ್ತಿದ್ದ.

"ಅಂಚು ದಾಟಬೇಡ! ದಾಟಬೇಡ ಅಂದ್ನಲ್ಲ!"

"ಸುಮ್ನೆ ಇರು. ಇಲ್ಲಾಂದ್ರೆ ಡಬ್ಬಿ ತಲೆ ಮೇಲೆ ಬಿಡ್ತೀನಿ."

"ಬಿಡು, ಬಿಡು. ಆ ತಲೆಗೆ ಎಷ್ಟು ಖರ್ಚಾಗಿದೆ ಗೊತ್ತಲ್ಲ."

ಅಕ್ಕನನ್ನು ಕಂಡು ಅವನು ಕುಂಚ ಎತ್ತಿ ತೋರಿಸಿದ. "ಮಧ್ಯಾಹ್ನದವರೆಗೆ ಬರೀತೀನಿ ಮೇಡಂ. ಆಮೇಲೆ ಬೆರಳು ಸೋಲ್ತವೆ. ಉಳಿದದ್ದು ಇವಳು ತುಂಬ್ತಾಳೆ."

"ಸಾಕಲ್ಲ?"

"ಇವಳನ್ನೇ ಕೇಳಿ. ಪಾಲು ಕೇಳ್ತಿದಾಳೆ!"

ಮೇಲಿನಿಂದ ಬೈಗುಳ ಬಂತು. ಅವನು ನಗುತ್ತ ಕುಂಚವನ್ನು ಬಣ್ಣದಲ್ಲಿ ಅದ್ದಿ, ಡಬ್ಬಿಯ ಬಾಯಿಗೆ ಒರೆಸಿ, ಮುಂದಿನ ಅಕ್ಷರಕ್ಕೆ ಬಗ್ಗಿದ. ಕೈ ಹೇಳಿದ ಕಡೆ ಹೋಯಿತು.